ಶಿಲ್ಪಶ್ರೀಯ ಹೃದಯಕ್ಕೆ ನಮ್ಮೂರ ಹುಡುಗಿಯ ಕಾವಲು

ಅರಸೀಕೆರೆ ಪಕ್ಕದ ಹಳ್ಳಿಯ ತೆಂಗು ಬೆಳೆಗಾರ ದೇವೀರಪ್ಪನಿಗೆ ಮೊಮ್ಮಗಳು ಶಿಲ್ಪಶ್ರೀ ಎಂದರೆ ಪ್ರಾಣ. ಐದು ವರ್ಷದ ಆ ಮಗು ಅಂಗಳದಲ್ಲಿ ಸ್ವಲ್ಪ ಓಡಿದರೂ ಸಾಕು, ತುಟಿ ನೀಲಿಯಾಗಿ, ಏದುಸಿರು ಬಿಡುತ್ತ ಕುಕ್ಕರಗಾಲಲ್ಲಿ ಕೂತುಬಿಡುತ್ತಿತ್ತು. ದೃಷ್ಟಿ ತೆಗೆದದ್ದಾಯಿತು, ತಾಯತ ಕಟ್ಟಿದ್ದಾಯಿತು. ಕೊನೆಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದವರು, ಹುಟ್ಟಿನಿಂದಲೇ ಹೃದಯದಲ್ಲಿ ತೂತಿದೆ, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೂ ಕಿರಿದಾಗಿದೆ, ಆಪರೇಷನ್ ಆಗಲೇಬೇಕು ಎಂದರು.

"ಹೃದಯಾನೇ ನಿಲ್ಲಿಸ್ತಾರಂತೆ! ಮತ್ತೆ ಹೊಡ್ಕೊಳ್ದೇ ಹೋದ್ರೆ? ನಾನು ಒಪ್ಪಲ್ಲ," ಎಂದು ದೇವೀರಪ್ಪ ಹಟ ಹಿಡಿದ. ಸೊಸೆ ದ್ರಾಕ್ಷಾಯಣಿ ಅತ್ತರೂ ಕರಗಲಿಲ್ಲ.

ಪಕ್ಕದ ಮನೆ ಗಂಗಾಧರಯ್ಯನ ಮಗಳು ಪುಷ್ಪಲತಾ ಆಗ ರಜೆಗೆ ಬಂದಿದ್ದಳು. ಅದೇ ಆಸ್ಪತ್ರೆಯಲ್ಲಿ ಆಪರೇಷನ್ ಹೊತ್ತಿಗೆ ರಕ್ತ ಓಡಿಸುವ ಯಂತ್ರ ನಡೆಸುವುದು ಅವಳ ಕೆಲಸ. ದ್ರಾಕ್ಷಾಯಣಿ ಅವಳನ್ನು ಕೈಹಿಡಿದು ಕರೆತಂದಳು.

"ದೊಡ್ಡಪ್ಪ, ಹೃದಯ ನಿಲ್ಲಿಸೋದು ನಿಜ," ಎಂದಳು ಪುಷ್ಪಲತಾ. "ಅದು ಅಲ್ಲಾಡ್ತಿದ್ರೆ ತೂತು ಮುಚ್ಚೋದು ಹೆಂಗೆ? ತಣ್ಣಗಿನ ಔಷಧಿ ಕೊಟ್ಟು ಅದಕ್ಕೆ ನಿದ್ದೆ ಬರಿಸ್ತಾರೆ. ಅದು ಮತ್ತೆ ಏಳೋವರ್ಗೂ ಹೃದಯ, ಶ್ವಾಸಕೋಶದ ಕೆಲಸಾನ ನಮ್ ಯಂತ್ರ ಮಾಡ್ತೈತೆ."

"ಮೆದುಳು, ಕಿಡ್ನಿ ಗತಿ ಏನವ್ವ?"

"ಮೆದುಳಿಗೆ ಆಮ್ಲಜನಕ ಸಾಕಾ ಅಂತ ಹಣೆಗೆ ಪಟ್ಟಿ ಅಂಟಿಸಿ ನೋಡ್ತಾನೇ ಇರ್ತೀವಿ. ಮೂತ್ರ ಸರಿಯಾಗಿ ಬತ್ತೈತಾ ಅಂತ ನೋಡಿದ್ರೆ ಕಿಡ್ನಿ ಹೆಂಗೈತೆ ಅಂತ ಗೊತ್ತಾಗ್ತೈತೆ. ಅಪಾಯ ಇಲ್ವೇ ಇಲ್ಲ ಅನ್ನಲ್ಲ ದೊಡ್ಡಪ್ಪ. ಆದ್ರೆ ಹಿಂಗೇ ಬಿಟ್ರೆ ಅಪಾಯ ಇನ್ನೂ ಜಾಸ್ತಿ. ನೀವೂ ಕಾಯ್ಬೇಕು. ಹುಳುಕು ಹಲ್ಲಿಂದ ಹೃದಯಕ್ಕೂ ಸೋಂಕು ತಗಲಬೋದು, ಇದ್ರೆ ಮೊದ್ಲೇ ತೋರ್ಸಿ. ಜ್ವರ, ಕೆಮ್ಮು, ನಾಟಿ ಔಷಧಿ, ಯಾವುದನ್ನೂ ಡಾಕ್ಟರಿಗೆ ಮುಚ್ಚಿಡ್ಬೇಡಿ."

ದೇವೀರಪ್ಪ ಮೊಮ್ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡ. ಆಮೇಲೆ, "ನೀನು ಅಲ್ಲಿರ್ತೀಯಲ್ಲವ್ವ, ಆಯ್ತು," ಎಂದ.

ಹೊರಡುವ ಹಿಂದಿನ ದಿನ ಮಗುವಿನ ಮೈ ಜ್ವರದಿಂದ ಸುಡುತ್ತಿತ್ತು, ಕೆಮ್ಮು ಬೇರೆ. "ಹೇಳಿದ್ರೆ ಆಪರೇಷನ್ ಮುಂದಕ್ಕೆ ಹೋಗ್ತೈತೆ, ಸುಮ್ನಿರಪ್ಪ," ಎಂದ ದೇವೀರಪ್ಪನ ಮಗ, ಶಿಲ್ಪಶ್ರೀಯ ಅಪ್ಪ ಇಂದ್ರೇಶ್.

"ಹೋದ್ರೆ ಹೋಗ್ಲಿ ಕಣೋ! ಕೂಸಿನ ಮೇಲೆ ಜೂಜಾಡಕ್ಕಾಗಲ್ಲ," ಎಂದು ದೇವೀರಪ್ಪ ತಾನೇ ಆಸ್ಪತ್ರೆಗೆ ಫೋನ್ ಮಾಡಿದ. ಡಾಕ್ಟರು ಆಪರೇಷನ್ ಮುಂದೂಡಿದರು. ಶಿಲ್ಪಶ್ರೀ ಪೂರ್ತಿ ಗುಣವಾದ ಮೇಲೆ ಮತ್ತೆ ಕರೆಸಿಕೊಂಡರು.

ಆಪರೇಷನ್ ದಿನ ಮನೆಯವರೆಲ್ಲ ಹೊರಗೆ ಕಾದರು. ಕಡೆಗೆ ಬಾಗಿಲು ತೆಗೆದು ಪುಷ್ಪಲತಾ ಬಂದಳು. "ದೊಡ್ಡಪ್ಪ, ಯಂತ್ರ ನಿಲ್ಲಿಸಿದ್ವಿ. ನಿಮ್ ಮೊಮ್ಮಗಳ ಹೃದಯ ಅದರಷ್ಟಕ್ಕೆ ಅದೇ ಹೊಡ್ಕೊಳ್ತೈತೆ!"

ದೇವೀರಪ್ಪನ ಕಣ್ಣು ತುಂಬಿತು. ಅಲ್ಲಿ ಕೂತಿದ್ದ ಅಪರಿಚಿತರ ಕಡೆ ತಿರುಗಿ, "ನಮ್ಮೂರ ಹುಡುಗಿ ಕಣ್ರೀ ಇವಳು!" ಎಂದ.

"ನಾನೊಬ್ಳೇ ಅಲ್ಲ, ಡಾಕ್ಟರು, ನರ್ಸುಗಳು ಎಲ್ಲಾ ಸೇರಿ ಕಾದ್ವಿ," ಎಂದು ಪುಷ್ಪಲತಾ ನಕ್ಕಳು. "ನೀವೂ ಕಾದ್ರಿ. ಜ್ವರದಲ್ಲೇ ಕರ್ಕೊಂಡು ಬಂದಿದ್ರೆ ನಮಗೆ ಬಲು ಕಷ್ಟ ಆಗ್ತಿತ್ತು."

ಆ ಮಾತಿಗೆ ಮುದುಕನ ಎದೆ ಉಬ್ಬಿತು. ಇವತ್ತಿಗೂ ಅರಸೀಕೆರೆ ಕೊಬ್ಬರಿ ಮಾರುಕಟ್ಟೆಯಲ್ಲಿ ಯಾರು ಸಿಕ್ಕರೂ ದೇವೀರಪ್ಪ ಮೊದಲು ಹೇಳುವುದು ಇದನ್ನೇ, ಆಮೇಲೆ ಕೊಬ್ಬರಿ ರೇಟು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗುವೂ ಆಡುವಾಗ ನೀಲಿಗಟ್ಟುತ್ತದೆಯೇ? ಹಾಲು ಕುಡಿಯುವಾಗ ಬೆವರುತ್ತದೆಯೇ? ತಡಮಾಡಬೇಡಿ, ಡಾಕ್ಟರಿಗೆ ತೋರಿಸಿ. ಆಪರೇಷನ್ ಎಂದರೆ ಹೆದರಿ ಮನೆಯಲ್ಲಿ ಕೂರಬೇಡಿ, ಅನುಮಾನವಿದ್ದರೆ ಬಾಯಿಬಿಟ್ಟು ಕೇಳಿ. ಒಳಗೆ ಅವರು ಕಾಯುತ್ತಾರೆ, ಹೊರಗೆ ನೀವು ಕಾಯಿರಿ.