ಭಾನುವಾರದ ಗುಂಡಿ

"ಭಾನುವಾರದ ಗುಂಡಿ ಎಲ್ಲಮ್ಮಾ?" ಎಂದು ಡಾಕ್ಟರಮ್ಮ ಕೇಳಿದಾಗ ಅತ್ತೆಯ ಮುಖ ನೋಡಬೇಕಿತ್ತು. ಇಪ್ಪತ್ತೆರಡು ವರ್ಷವಾಯಿತು, ನೆನೆದರೆ ಸೊಸೆಗೆ ಈಗಲೂ ನಗು ಬರುತ್ತದೆ.

ಅತ್ತೆ ಸೊಸೆ ಇಬ್ಬರದೂ ಒಂದೇ ಹೊಲಿಗೆ ಅಂಗಡಿ. ಎಂಥ ದಿನಗಳವು! ಎದುರುಬದುರು ಎರಡು ತುಳಿಯುವ ಮೆಷಿನ್ನು, ಕಾಲಡಿ ಚೂರುಬಟ್ಟೆಯ ರಾಶಿ, ಬಾಯ್ತುಂಬ ಮಾತು. ಕೊರತೆ ಒಂದೇ. ಸೊಸೆಗೆ ಎರಡು ಸಲ ನಿಂತ ಗರ್ಭ ಎರಡು ತಿಂಗಳು ತುಂಬುವ ಮೊದಲೇ ಜಾರಿಹೋಗಿತ್ತು. ತಿಂಗಳ ಕೊನೆಯ ಅರ್ಧದಲ್ಲಿ ಗರ್ಭ ಹಿಡಿದಿಡುವ ಹಾರ್ಮೋನು ಸಾಲುತ್ತಿಲ್ಲ, ಮುಟ್ಟಾದ ಮೊದಲ ದಿನದಿಂದ ಎಣಿಸಿ ಹದಿನಾರನೆಯ ದಿನ ಮಾತ್ರೆ ಶುರುಮಾಡಿ, ಹತ್ತು ದಿನ ನುಂಗಬೇಕು ಎಂದು ಡಾಕ್ಟರಮ್ಮ ಹೇಳಿದ್ದರು.

"ಲೆಕ್ಕ ನಂಗೆ ಬಿಡು. ನೀನೋ ಮಹಾ ಮರೆಗುಳಿ" ಎಂದ ಅತ್ತೆ, ಅಂಗಡಿಯ ಮೊಳೆಗೆ ದಾರ ಕಟ್ಟಿ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ದಿನಕ್ಕೊಂದು ಅಂಗಿಗುಂಡಿ ಪೋಣಿಸತೊಡಗಿದರು. ಹದಿನಾರು ತುಂಬಿದ ದಿನ ಮಾತ್ರೆ ಕೈಗಿಡುವರು, ನುಂಗುವವರೆಗೂ ಕದಲರು. ಹೀಗೆ ಐದು ತಿಂಗಳು ಕಳೆದರೂ ಪ್ರತಿ ಸಲವೂ ಮುಟ್ಟಾಯಿತು.

ಆರನೆಯ ತಿಂಗಳು ದಾರವನ್ನೂ ಹಿಡಿದು ಆಸ್ಪತ್ರೆಗೆ ಹೋದರು. ದಾರದಲ್ಲಿ ಹದಿನಾರು ಗುಂಡಿ; ಕ್ಯಾಲೆಂಡರಿನಲ್ಲಿ ಹದಿನೆಂಟು ದಿನ. ಭಾನುವಾರ ಅಂಗಡಿ ತೆರೆಯುತ್ತಿರಲಿಲ್ಲವಲ್ಲ!

"ಅಂಗಡಿಗೆ ರಜಾ ಅಂತ ಮೈಗೂ ರಜಾನಾ?" ಎಂದು ಡಾಕ್ಟರಮ್ಮ ನಕ್ಕರು. ಸೊಸೆಯೂ ನಕ್ಕಳು. ಅತ್ತೆ ನಗಲಿಲ್ಲ. ವಾಪಸ್ಸು ಬಂದವರೇ ಅಂಗಡಿಯ ಮೆಟ್ಟಿಲ ಮೇಲೆ ಕೂತರು.

"ಐದು ತಿಂಗಳು ನಾನೇ ಹಾಳ್ಮಾಡ್ದೆನಲ್ಲೇ. ಯಾರ ಮುಂದೆ ಹೇಳ್ಕೊಳ್ಲಿ?"

"ಬಿಡಿ ಅತ್ತೆ. ನಮ್ಮಮ್ಮ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ."

ದಾರ ಮನೆಗೆ ಬಂತು. ಎರಡು ತಿಂಗಳು ಹಾಗೇ ಹೋಯಿತು. ಮೂರನೆಯ ಸಲ, ಮಾತ್ರೆ ಮುಗಿದು ವಾರ ಕಳೆದರೂ ಮುಟ್ಟಾಗಲಿಲ್ಲ. ಸೊಸೆ ಅಂಗಡಿಯ ಹಿಂದಿನ ಬಚ್ಚಲಿಗೆ ಹೋದಾಗಲೆಲ್ಲ ಅತ್ತೆಯ ಮೆಷಿನ್ನು ನಿಂತುಬಿಡುತ್ತಿತ್ತು. ಒಳಗಿದ್ದವಳಿಗೆ ಅದು ಗೊತ್ತಾಗುತ್ತಿತ್ತು. ಹೊರಬಂದು "ಆಗಿಲ್ಲ" ಎಂದರೆ ಸಾಕು, ಅತ್ತೆ ತಲೆಯೆತ್ತದೆ ಮತ್ತೆ ತುಳಿಯತೊಡಗುವರು.

ಮಾತ್ರೆ ಮುಗಿದ ಒಂಬತ್ತನೆಯ ದಿನ ಸಂಜೆಯೂ ಸೊಸೆ ಬಾಗಿಲಲ್ಲಿ ನಿಂತು, "ಇನ್ನೂ ಆಗಿಲ್ಲ ಅತ್ತೆ" ಎಂದಳು.

ಮೂವತ್ತು ವರ್ಷ ಮೆಷಿನ್ನು ತುಳಿದಿದ್ದ ಅತ್ತೆ ಕಾಲು ಒತ್ತಿದರು. ಹೊಸದಾಗಿ ಕಲಿಯುವವರಿಗೆ ಆಗುವ ಹಾಗೆ, ಚಕ್ರ ಹಿಂದಕ್ಕೆ ತಿರುಗಿತು.