ಶುಕ್ರವಾರದ ಹೊಸ ಬ್ಯಾಂಡು

ಮೇಸ್ತ್ರಿಯ ಹೆಂಡತಿ ನೀಲಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಹನ್ನೆರಡಕ್ಕೆ ಗಾಡಿ ಬರುತ್ತದೆ, ಬಿಳಿ ಅಂಗಿ ಇಸ್ತ್ರಿಯಾಗಿ ಸಿದ್ಧವಿದೆ, ಅದನ್ನೇ ಹಾಕೋಣ ಎಂದು ಮಗಳು ಎರಡು ಸಲ ಹೇಳಿ ನೋಡಿದಳು. ಆಕೆ ತಲೆಯೆತ್ತಲಿಲ್ಲ. ಬೆಳಿಗ್ಗೆ ಆಸ್ಪತ್ರೆಯಿಂದ ದೇಹವನ್ನು ತಂದಾಗಿನಿಂದ ಆಕೆ ಗಂಡನ ಎಡಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತವಳು ಕದಲಿರಲಿಲ್ಲ. ಊಟದ ಮೇಜಿನಲ್ಲಿ, ಮಂಚದಲ್ಲಿ, ಬಸ್ಸಿನಲ್ಲಿ ಮೂವತ್ತೆಂಟು ವರ್ಷದಿಂದ ಅದೇ ಆಕೆಯ ಜಾಗ.

ಮುಂಗೋಣೆಯಲ್ಲಿ ಹೆಚ್ಚು ಜನ ಇರಲಿಲ್ಲ. ಅಚ್ಚುಕೂಟದಲ್ಲಿ ಮೇಸ್ತ್ರಿಯ ಜೊತೆ ದುಡಿದ ಶಾಯಿಯಣ್ಣ ಗೋಡೆಗೊರಗಿ ನಿಂತಿದ್ದ. ಕೆಲಸ ಬಿಟ್ಟು ಆರು ವರ್ಷವಾದರೂ ಅವನ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಮೇಸ್ತ್ರಿಯ ತಮ್ಮ ಬಾಗಿಲಿಗೂ ಕಿಟಕಿಗೂ ಓಡಾಡುತ್ತ ಎಲ್ಲರಿಗೂ ಅಡ್ಡ ಬರುವ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿದ್ದ.

ಅಷ್ಟರಲ್ಲಿ ಕಪಾಟಿನ ಮೇಲೆ ಮೇಸ್ತ್ರಿಯ ಫೋನು ಗುರ್‍ರೆಂದಿತು. ಮಗಳು ಎತ್ತಿಕೊಂಡು ನೋಡಿದಳು. ಮತ್ತೊಮ್ಮೆ ನೋಡಿದಳು. ಮುಖದ ಬಣ್ಣ ಬದಲಾಯಿತು.

"ಯಾರದು?" ಆಕೆ ಕೇಳಿದಳು.

"ಏನಿಲ್ಲಮ್ಮ. ಯಾವುದೋ ಕಂಪನಿ ಮೆಸೇಜು."

"ಓದು."

ಮಗಳು ಚಿಕ್ಕಪ್ಪನ ಮುಖ ನೋಡಿದಳು. ಚಿಕ್ಕಪ್ಪ ಬೇಡವೆಂದು ತಲೆಯಾಡಿಸಿದ. ಅದನ್ನು ಆಕೆಯೂ ನೋಡಿಬಿಟ್ಟಳು. ಇನ್ನು ಮುಚ್ಚಿಡುವಂತಿರಲಿಲ್ಲ. ಹೆಸರಿನ ಜಾಗದಲ್ಲಿ 'ಶುಕ್ರವಾರ' ಎಂದಿತ್ತು. ಕೆಳಗೆ ಇಷ್ಟೇ: ಇವತ್ತು ಮೂರು ಹೊಸ ಬ್ಯಾಂಡ್ ಸಿಕ್ಕಿದೆ. ಒಂದಂತೂ ನಿಮಗೇ ಹೇಳಿ ಮಾಡಿಸಿದ ಹಾಗಿದೆ. ಹನ್ನೊಂದಕ್ಕೆ ಕಾಯ್ತಾ ಇರ್ತೀನಿ.

ಅದರ ಪಕ್ಕದ ಪುಟ್ಟ ಚಿತ್ರದಲ್ಲಿ ಒಬ್ಬ ಹೆಂಗಸು ನಗುತ್ತಿದ್ದಳು.

*

ಮೂರು ವರ್ಷದಿಂದ ಪ್ರತಿ ಶುಕ್ರವಾರ ಹತ್ತೂವರೆಗೆ ಮೇಸ್ತ್ರಿ ತಲೆ ಬಾಚಿಕೊಂಡು ಹೊರಡುತ್ತಿದ್ದ. ಎಲ್ಲಿಗೆ ಎಂದು ಮೊದಲ ಸಲ ಕೇಳಿದಾಗ, ಹೊಸ ಬ್ಯಾಂಡ್ ಬಂದಿದೆಯಂತೆ, ನೋಡಿಕೊಂಡು ಬರ್ತೀನಿ ಎಂದಿದ್ದ. ಅವನಿಗೆ ಮಂಡಿನೋವಿತ್ತು. ಮಂಡಿಗೆ ಹಾಕುವ ಎಲಾಸ್ಟಿಕ್ ಬ್ಯಾಂಡು ಆರು ತಿಂಗಳಿಗೆ ಸಡಿಲವಾಗುತ್ತಿತ್ತು. ಆಕೆ ಹಾಗೆಂದೇ ತಿಳಿದಳು. ವಾರವಾರವೂ ಮಂಡಿಗೆ ಹೊಸ ಬ್ಯಾಂಡೇಕೆ ಎಂಬ ಅನುಮಾನ ಬಂದದ್ದುಂಟು. ಆದರೆ ಗಂಡಸರಿಗೆ ಅಂಗಡಿಯಲ್ಲಿ ಹರಟೆ ಹೊಡೆಯಲು ಒಂದು ನೆಪ ಬೇಕು ಎಂದು ಸುಮ್ಮನಾದಳು.

ಮನೆಯಲ್ಲಂತೂ ಅವನು ಹರಟುವ ಆಸಾಮಿಯೇ ಅಲ್ಲ. ಯಾರಾದರೂ ಹಾಡು ಹಾಕಿದರೆ ಎದ್ದು ಹೋಗುತ್ತಿದ್ದ. ಆಕೆ ಹತ್ತು ಮಾತಾಡಿದರೆ ಒಂದಕ್ಕೆ ಹೂಂ ಎನ್ನುತ್ತಿದ್ದ. ನನ್ನ ಮಾತು ಕಿವಿಗೇ ಹಾಕಿಕೊಳ್ಳಲ್ಲ ಎಂದು ಆಕೆ ಕಂಡಕಂಡವರ ಮುಂದೆಲ್ಲ ದೂರುತ್ತಿದ್ದಳು.

ಬುಧವಾರ ಬೆಳಿಗ್ಗೆಯೂ ಅದೇ ಆಯಿತು. ನೀಲಿ ಅಂಗಿ ಒಗೆಯೋಕೆ ಹಾಕ್ಲಾ, ನಾಡಿದ್ದು ಹಾಕ್ಕೊಂಡು ಹೋಗ್ತೀರಾ ಎಂದು ಪಕ್ಕದಲ್ಲೇ ನಿಂತು ಕೇಳಿದಳು. ಅವನು ಕಿಟಕಿ ನೋಡುತ್ತ ಕೂತಿದ್ದ. ಎರಡನೇ ಸಲ ಕೇಳಿದಳು. ಮೂರನೇ ಸಲ ಕೇಳಲು ಸ್ವಾಭಿಮಾನ ಬಿಡಲಿಲ್ಲ. ಇನ್ನು ಈ ಮನುಷ್ಯನ ಹತ್ತಿರ ಮಾತಾಡಿದರೆ ಕೇಳು ಎಂದು ಬಾಯಿಗೆ ಬೀಗ ಹಾಕಿಕೊಂಡು, ಊಟವನ್ನೂ ಮಾತಿಲ್ಲದೆ ಬಡಿಸಿದಳು. ಮೂರು ಗಂಟೆಗೆ ನೋಡಿದರೆ ಕುರ್ಚಿಯಲ್ಲಿ ತಲೆ ವಾಲಿತ್ತು. ಕುತ್ತಿಗೆಯಲ್ಲಿ ಹೆಡ್‌ಫೋನು ಜೋತುಬಿದ್ದಿತ್ತು. ಅದು ಅಳಿಯನದು, ಇಲ್ಲಿ ಮರೆತುಹೋಗಿದ್ದಾನೆ ಎಂದೇ ಆಕೆ ಅಂದುಕೊಂಡಿದ್ದಳು.

*

"ಫೋನ್ ಮಾಡು ಅವಳಿಗೆ. ಇಲ್ಲಿಗೇ ಬರಕ್ಕೆ ಹೇಳು," ಎಂದು ಆಕೆ ಮಗಳಿಗೆ ಹೇಳಿದಳು.

ಅತ್ತಿಗೆ, ಇವತ್ತು ಬೇಡ, ಹೋದವರು ಹೋದರು, ಈಗ ಕೆದಕಿ ಏನು ಸಿಗುತ್ತದೆ ಎಂದು ಮೈದುನ ಸಮಾಧಾನ ಹೇಳಹೊರಟ. ಅವನ ದನಿಯಲ್ಲಿ ಆಗಲೇ ಅಣ್ಣನಿಗೆ ಕ್ಷಮೆ ಸಿಕ್ಕಿಹೋಗಿತ್ತು. ಆಕೆಗೆ ಅದು ಇನ್ನೂ ಉರಿಯಿತು. ತನ್ನ ಹತ್ತಿರ ಇಲ್ಲದ ಮಾತು ಈ ಮನುಷ್ಯನಿಗೆ ಇನ್ನೊಬ್ಬಳ ಹತ್ತಿರ ಇತ್ತೇ ಎಂಬುದು ಗೊತ್ತಾಗದೆ ಅವನನ್ನು ಗಾಡಿ ಹತ್ತಿಸುವುದು ಆಕೆಯಿಂದ ಆಗುತ್ತಿರಲಿಲ್ಲ.

ಹೆಂಗಸು ಇಪ್ಪತ್ತು ನಿಮಿಷದಲ್ಲಿ ಬಂದಳು. ನಲವತ್ತೈದರ ಪ್ರಾಯ, ಮೇಲೆ ಬಿಳಿ ಕೋಟು, ಎದೆಯ ಜೇಬಿನಲ್ಲಿ ಪುಟ್ಟ ಟಾರ್ಚು. ಫೋನಿನಲ್ಲಿ ಸುದ್ದಿ ಕೇಳಿ ಅತ್ತದ್ದು ಕಣ್ಣಲ್ಲಿ ಕಾಣುತ್ತಿತ್ತು. ಎರಡು ಬೀದಿಯಾಚೆ ಕಿವಿ ಪರೀಕ್ಷೆ ಮಾಡಿ ಯಂತ್ರ ಕೊಡುವ ಅಂಗಡಿ ತನ್ನದು ಎಂದಳು.

"ಯಾರ ಕಿವಿ?" ಮೇಸ್ತ್ರಿಯ ಹೆಂಡತಿ ಕೇಳಿದಳು.

ಅಂಗಡಿಯವಳಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿದಳು. "ನಿಮಗೆ ಹೇಳಿರಲಿಲ್ವಾ ಅಮ್ಮ? ಅವರಿಗೆ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿ ಅರ್ಧ."

ಶಾಯಿಯಣ್ಣ ನೆಲ ನೋಡುತ್ತ ನಿಧಾನವಾಗಿ ಹೇಳಿದ. ಜರ್ಮನಿಯಿಂದ ತರಿಸಿದ ದೊಡ್ಡ ಅಚ್ಚುಯಂತ್ರದ ಪಕ್ಕ ಮೇಸ್ತ್ರಿ ಮೂವತ್ತು ವರ್ಷ ನಿಂತಿದ್ದ, ಎಡಗಿವಿ ಯಂತ್ರದ ಕಡೆಗೆ. ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ, ಎಲ್ಲ ಕೈಸನ್ನೆಯೇ. ಹಾಗಾಗಿ ಯಾರ ಕಿವಿ ಯಾವಾಗ ಹೋಯಿತೋ ಯಾರಿಗೆ ಗೊತ್ತಾಗಬೇಕು.

"ಮತ್ತೆ ಬ್ಯಾಂಡು?" ಮೈದುನ ಕೇಳಿದ. "ಅದು ಮಂಡಿಗಲ್ವಾ?"

ಬ್ಯಾಂಡು ಎಂದರೆ ಹಾಡುವವರು ಎಂದು ಅಂಗಡಿಯವಳು ತಿಳಿಸಿ ಹೇಳಿದಳು. ಅವಳಿಗೆ ಜರ್ಮನಿಯ ಹೊಸ ಹೊಸ ಬ್ಯಾಂಡುಗಳ ಹುಚ್ಚು. ದೊಡ್ಡ ಹೆಸರಿನವರಲ್ಲ, ಮೂರ್ನಾಲ್ಕು ಜನ ಸೇರಿ ಮನೆಯಲ್ಲೇ ಕಂಪ್ಯೂಟರು, ಕೀಬೋರ್ಡು ಇಟ್ಟುಕೊಂಡು ಹಾಡು ಮಾಡಿ ಹಾಕುವವರು. ಹೊಸ ಹಾಡುಗಳು ಶುಕ್ರವಾರ ಬರುತ್ತವೆ. ಮೂರು ವರ್ಷದ ಹಿಂದೆ ಅಂಥದೊಂದು ದಿನ ಅಂಗಡಿಯ ದೊಡ್ಡ ಸ್ಪೀಕರಿನಲ್ಲಿ ಕೇಳುತ್ತ ಕೂತಿದ್ದಾಗ ಪರೀಕ್ಷೆಗೆಂದು ಬಂದ ಮೇಸ್ತ್ರಿ ಬಾಗಿಲಲ್ಲೇ ನಿಂತುಬಿಟ್ಟ. ಅಂಗೈಯನ್ನು ಸ್ಪೀಕರಿನ ಮೇಲಿಟ್ಟು, ಇದು ನಮ್ಮ ಯಂತ್ರದ ಹಾಗೇ ಓಡ್ತಿದೆ ಎಂದ. ಅಂದಿನಿಂದ ತಪ್ಪದೆ ಬಂದ. ಕಿವಿಯ ಯಂತ್ರ ಮಾತ್ರ ಬೇಡವೆಂದ. ಹಾಕಿ ನೋಡಿದರೆ ತಟ್ಟೆಗಳು ಬಿದ್ದ ಹಾಗೆ ಕೇಳುತ್ತದೆ ಎಂದ.

"ಹಾಡು ಕಂಡ್ರೆ ಆಗ್ತಾ ಇರಲಿಲ್ಲ ಅವರಿಗೆ," ಎಂದಳು ಹೆಂಡತಿ. ಆಕೆಯ ತಲೆಯಲ್ಲಿ ಎಲ್ಲ ಕಲಸಿಹೋಗಿತ್ತು.

"ನಮ್ಮ ಹಾಡಿನ ಮಾತು ಕೇಳಿಸ್ತಿರಲಿಲ್ಲ ಅಮ್ಮ. ಅದಕ್ಕೆ ಸಂಕಟ ಆಗೋದು. ಈ ಹಾಡು ಆದ್ರೆ ಯಾರಿಗೂ ಅರ್ಥ ಆಗಲ್ಲ, ಇಲ್ಲಿ ನಾನೂ ನೀನೂ ಒಂದೇ ಅಂತಿದ್ರು."

ಅವಳು ಚೀಲದಿಂದ ಒಂದು ನೋಟುಪುಸ್ತಕ ತೆಗೆದಳು. ಮೇಸ್ತ್ರಿ ಅದನ್ನು ಅಂಗಡಿಯಲ್ಲೇ ಇಡುತ್ತಿದ್ದನಂತೆ. ಮಗಳು ಬಿಡಿಸಿ ಓದಿದಳು. ಅಪ್ಪನ ಗುಂಡು ಅಕ್ಷರದಲ್ಲಿ ಆ ಬ್ಯಾಂಡುಗಳ ತಲೆಬುಡವಿಲ್ಲದ ಹೆಸರುಗಳು: ಗ್ರೌಎ ಟ್ರೆಪ್ಪ. ಸ್ವಾಯ್ ಲಾಂಪನ್. ಒಂದೊಂದರ ಮುಂದೆಯೂ ಒಂದೊಂದು ಮಾತು. ಶಾಯಿ ಜಾಸ್ತಿ. ಅಂಚು ಚೆನ್ನಾಗಿದೆ. ಎರಡನೇ ಬಣ್ಣ ಸರಿಯಾಗಿ ಕೂತಿಲ್ಲ. ಇದನ್ನು ಹೀಗೇ ಅಚ್ಚಿಗೆ ಬಿಡಬಹುದು.

ಶಾಯಿಯಣ್ಣ ಪುಸ್ತಕ ಕಸಿದುಕೊಂಡು ನೋಡಿದ. ಮೊದಲ ಕರಡು ಹಾಳೆ ಹೊರಬಿದ್ದಾಗ ಮೇಸ್ತ್ರಿ ಬರೆಯುತ್ತಿದ್ದದ್ದು ಇವೇ ಮಾತು. ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡ.

ಅಂಗಡಿಯವಳು ಕಪಾಟಿನ ಮೇಲಿದ್ದ ಮೇಸ್ತ್ರಿಯ ಹೆಡ್‌ಫೋನನ್ನು ಹೆಂಡತಿಯ ಕಿವಿಗೆ ಹಾಕಿ, ಇವತ್ತು ಸಿಕ್ಕಿದ ಬ್ಯಾಂಡನ್ನು ಕೇಳಿಸಿದಳು. ದಪ್ ದಪ್ ಎಂದು ಏನೋ ಶುರುವಾಯಿತು. ನಡುವೆ ಹುಡುಗಿಯೊಬ್ಬಳು ನಿದ್ದೆಗಣ್ಣಲ್ಲಿ ಮಾತಾಡಿದಂತೆ ಏನೋ ಗೊಣಗಿದಳು. ಇದಕ್ಕಾ ಇವರು ತಲೆ ಬಾಚಿಕೊಂಡು ಹೋಗುತ್ತಿದ್ದದ್ದು? ಯಾರೋ ಬಾಗಿಲು ಬಡಿಯುತ್ತಿದ್ದಾರೆ, ಒಳಗಿನವರು ತೆಗೆಯುತ್ತಿಲ್ಲ, ಅಷ್ಟೇ. ಒಂಚೂರೂ ಹಿಡಿಸಲಿಲ್ಲ. ಆದರೂ ತೆಗೆಯಲು ಕೈ ಬರಲಿಲ್ಲ. ಮುಗಿಯುವವರೆಗೂ ಕೇಳಿದಳು.

"ನನಗೆ ಯಾಕೆ ಹೇಳ್ಲಿಲ್ಲ?" ಎಂದಳು ಕೊನೆಗೆ. "ಬೇರೆ ಯಾರಿಗೂ ಬೇಡ. ನನಗೆ?"

ಅಂಗಡಿಯವಳು ತಡವರಿಸಿದಳು. "ನಾನೂ ಕೇಳಿದ್ದೆ. ಮನೇಲಿ ಹೇಳಿಬಿಡಿ ಅಂದೆ. ಹೇಳಿದ್ರೆ ಅವಳು ಕೂಗಿ ಮಾತಾಡೋಕೆ ಶುರು ಮಾಡ್ತಾಳೆ, ಅವಳ ದನಿ ಮೆತ್ತಗೆ, ಅದು ಹಾಗೇ ಇರ್ಲಿ ಅಂದ್ರು."

"ಕೇಳಿಸದೇ ಇರೋ ದನಿ ಮೆತ್ತಗಿದ್ರೆಷ್ಟು, ಗಟ್ಟಿಗಿದ್ರೆಷ್ಟು?"

ಸಿಟ್ಟು ಬರಬೇಕೋ ಅಳು ಬರಬೇಕೋ ಆಕೆಗೆ ತಿಳಿಯಲಿಲ್ಲ. ಬುಧವಾರ ತಾನು ಮಾತು ಬಿಟ್ಟದ್ದಾದರೂ ಅವನಿಗೆ ಗೊತ್ತಾಯಿತೋ ಇಲ್ಲವೋ. ಗೊತ್ತಾಗಿರಲಾರದು ಎಂದು ಒಂದು ಕ್ಷಣ ಹಗುರವಾಯಿತು. ಅಷ್ಟರಲ್ಲೇ, ಅದಕ್ಕೆ ಮುಂಚೆ ಆಡಿದ ಮಾತುಗಳೆಷ್ಟೋ ಹಾಗೆಯೇ ಗಾಳಿಗೆ ಹೋದವಲ್ಲ ಎನಿಸಿತು.

ಹೊರಗೆ ಗಾಡಿ ಬಂದು ನಿಂತಿತು. ಮೈದುನನೂ ಶಾಯಿಯಣ್ಣನೂ ಸೇರಿ ನೀಲಿ ಅಂಗಿ ತೊಡಿಸಿದರು. ಹೊಲಿದ ಗುಂಡಿಯನ್ನು ಆಕೆಯೇ ಹಾಕಿದಳು. ಚಾಲಕ ಬಾಗಿಲಲ್ಲಿ ಬಂದು ನಿಂತ, ಹೊತ್ತಾಯಿತು ಎಂಬಂತೆ ಗಡಿಯಾರ ನೋಡಿಕೊಂಡ. ಎತ್ತಲು ನಾಲ್ವರು ಮುಂದೆ ಬಂದರು.

"ಒಂದು ನಿಮಿಷ," ಎಂದಳು.

ಸ್ಟೂಲನ್ನು ಎತ್ತಿಕೊಂಡಳು. ಮಗಳು ಕೈಚಾಚಿದರೂ ಕೊಡಲಿಲ್ಲ. ಗಂಡನ ಕಾಲಬುಡದಿಂದ ಸುತ್ತಿ ಬಂದು ಅವನ ಬಲಪಕ್ಕದಲ್ಲಿ ಅದನ್ನು ಹಾಕಿ ಕೂತಳು. ಈ ಕಡೆಯಿಂದ ಆ ಮುಖ ಬೇರೆ ಯಾರದೋ ಎಂಬಂತೆ ಕಂಡಿತು. ಬಾಗಿ, ಕಿವಿಯ ಹತ್ತಿರ ಬಾಯಿ ತಂದು, ಎಂದಿನ ಮೆತ್ತನೆ ದನಿಯಲ್ಲೇ ಕೇಳಿದಳು.

"ರೀ, ನೀಲಿ ಅಂಗಿ ಹಾಕಿದೀನಿ. ಇದೇ ಇರ್ಲಾ?"

ಕೇಳಿ, ಹಾಗೆಯೇ ಬಾಗಿಕೊಂಡು, ಒಬ್ಬ ಮನುಷ್ಯನಿಗೆ ಹೂಂ ಎನ್ನಲು ಬೇಕಾಗುವಷ್ಟು ಹೊತ್ತು ಕಾದಳು.