ರುದ್ರಪ್ಪನವರು ಹಿಡಿದ ಶ್ರುತಿ

ಸ್ಯಾನ್ ಡಿಯೇಗೋದ ಮೀರಾ ಮೆಸಾದಲ್ಲಿ ನಮ್ಮ ಪಕ್ಕದ ಮನೆ ರುದ್ರಪ್ಪನವರು ಇಂಡಿಯನ್ ಅಂಗಡೀಲಿ ಒಂದ್ಸಲ ಗಂಟಲು ಸರಿ ಮಾಡ್ಕೊಂಡ್ರೆ ಸಾಕು, ಶೆಲ್ಫಲ್ಲಿರೋ ಹಪ್ಪಳ ಪ್ಯಾಕೆಟ್ಟೊಳಗೇ ಪುಡಿಯಾಗತ್ತೆ. ಅವರ ಕಾರು ಪಾರ್ಕಿಂಗಿಗೆ ಬಂದ ತಕ್ಷಣ ಅಂಗಡಿಯವನು ಹಪ್ಪಳನೆಲ್ಲ ಹಿಂದಿನ ರೂಮಿಗೆ ಸಾಗಿಸ್ತಾನೆ. ಇದರಲ್ಲಿ ನಾನು ಒಂದಕ್ಷರಾನೂ ಸೇರಿಸಿಲ್ಲ. ಮನುಷ್ಯ ಮಾತ್ರ ತುಂಬಾ ಮೃದು. ಹುಬ್ಬಳ್ಳಿಯವರು, ಟೆಲಿಕಾಂ ಇಂಜಿನಿಯರ್ರು, ಇರುವೆಗೂ ದಾರಿ ಬಿಡೋರು.

ನಮ್ಮಕ್ಕನ ಮಗಳು ಗಗನಾ ಲಾಸ್ ಏಂಜಲೀಸ್ ಹತ್ರ ಪಸಡೀನಾದಲ್ಲಿ ಪಿಎಚ್‌ಡಿ ಮಾಡ್ತಾಳೆ. ಆಕಾಶದ ಧೂಳಿನ ಮೇಲಂತೆ. ಎಷ್ಟು ಸಲ ವಿವರಿಸಿದ್ರೂ ನಂಗೆ ಅರ್ಥ ಆಗಿದ್ದು ಇಷ್ಟೇ, ಅಲ್ಲೂ ಗುಡಿಸೋರಿಲ್ಲ. ಹೋದ ವರ್ಷ ಅವಳು ಕಾಲೇಜಿನ ಕಾಯರ್‌ಗೆ, ಅಂದ್ರೆ ಗುಂಪಾಗಿ ಹಾಡೋ ತಂಡಕ್ಕೆ, ಸೇರ್ಕೊಂಡ್ಲು. ಮೈಸೂರಲ್ಲಿ ಚಿಕ್ಕಂದಿನಿಂದ ಸಂಗೀತ ಕಲಿತವಳೇ, ಆದರೆ ಯಾವಾಗಲೂ ಒಬ್ಬಳೇ, ಪಕ್ಕದಲ್ಲಿ ಶ್ರುತಿ ಪೆಟ್ಟಿಗೆ. ಇಲ್ಲಿ ನಲವತ್ತು ಜನ ಒಟ್ಟಿಗೆ, ಒಬ್ಬೊಬ್ಬರದ್ದು ಒಂದೊಂದು ದಾರಿ.

"ಮಾವ, ಒಬ್ಬಳೇ ಹಾಡಿದ್ರೆ ಗಂಟಲು ಹಾಡತ್ತೆ. ಎಲ್ರೂ ಸೇರಿದ್ರೆ ಬೆನ್ನುಮೂಳೆ ಹಾಡತ್ತೆ" ಅಂದಿದ್ಲು. ವೀಕೆಂಡಲ್ಲಿ ನಮ್ಮನೇಗೆ ಬಂದು ಪಾತ್ರೆ ತೊಳೀತಾ ಅವಳ ಭಾಗ ಹಾಡ್ತಿದ್ರೆ, ಡಿಶ್‌ವಾಷರ್ ನಾಚ್ಕೊಂಡು ತಾನೇ ಆಫ್ ಆಗೋದು.

ಅವಳ ದನಿ ಕೇಳಿ ಕಾಯರ್ ಡೈರೆಕ್ಟ್ರಮ್ಮ ಒಂದು ಹಾಡಿನ ನಡುವೆ ಅವಳೊಬ್ಬಳಿಗೇ ಜಾಗ ಕೊಟ್ರು. ಎಲ್ಲರೂ ನಿಲ್ಲಿಸ್ತಾರೆ, ಇವಳು ಒಂಟಿಯಾಗಿ ಹಾಡ್ತಾಳೆ, ಆಮೇಲೆ ಎಲ್ಲರೂ ಬಂದು ಕೂಡ್ಕೋತಾರೆ. ಕಷ್ಟ ಶುರುವಾಗಿದ್ದೇ ಅಲ್ಲಿ. ವಾದ್ಯ ಇಲ್ಲ, ಶ್ರುತಿ ಇಲ್ಲ. ಖುಷಿ ಏರಿದ ಹಾಗೆ ಇವಳ ದನೀನೂ ಒಂಚೂರು ಏರ್ತಿತ್ತು. ಕೊನೇಲಿ ಉಳಿದವರು ಸೇರ್ಕೊಂಡಾಗ, ಒಂದೇ ಲೇನಿಗೆ ಎರಡು ಲಾರಿ ನುಗ್ಗಿದ ಹಾಗೆ. ಒಂದಿನ ಫೋನಲ್ಲಿ ಶ್ರುತಿ ಆ್ಯಪ್ ಹಾಕಿ ಗೌನಿನೊಳಗೆ ಬಚ್ಚಿಟ್ಕೊಂಡ್ಲು. ಡೈರೆಕ್ಟ್ರಮ್ಮ ಜೇನುನೊಣ ಅಂತ ರಿಹರ್ಸಲ್ ನಿಲ್ಲಿಸಿ ಕಿಟಕಿ ಎಲ್ಲ ತೆಗೆಸಿದ್ರಂತೆ.

ಕೊನೆಗೆ ಅವರು ಹೇಳಿಬಿಟ್ರು: ಸ್ಯಾನ್ ಡಿಯೇಗೋ ಕಾರ್ಯಕ್ರಮದಲ್ಲಿ ಇನ್ನೊಂದ್ಸಲ ನೋಡ್ತೀನಿ. ಅಲ್ಲೂ ಜಾರಿದ್ರೆ, ಲಾಸ್ ಏಂಜಲೀಸಿನ ಕೊನೇ ಕಾರ್ಯಕ್ರಮದಲ್ಲಿ ಆ ಜಾಗ ಬೇರೆ ಹುಡುಗೀಗೆ. ಗಗನಾ ಆ ವೀಕೆಂಡು ಪಾತ್ರೆ ತೊಳೀಲೇ ಇಲ್ಲ.

ಧೈರ್ಯಕ್ಕಿರಲಿ ಅಂತ ನಮ್ಮ ಬೀದಿ ಕನ್ನಡದವರನ್ನೆಲ್ಲ ಕರ್ಕೊಂಡು ಹೋದೆ. ಒಂದು ಸಾಲು ಪೂರ್ತಿ ನಾವೇ. ನನ್ನ ಹೆಂಡ್ತಿ ಅರುಂಧತಿ ಎಡಕ್ಕೆ, ರುದ್ರಪ್ಪನವರು ಬಲಕ್ಕೆ. ಹಾಡು ನಡೀತು, ಎಲ್ಲರೂ ನಿಲ್ಲಿಸಿದ್ರು, ಗಗನಾ ಶುರು ಮಾಡಿದ್ಲು. ಹಾಲ್‌ನಲ್ಲಿ ಪಿಟ್ ಅನ್ನೋ ಸದ್ದಿಲ್ಲ. ವಾದ್ಯ ಇಲ್ದೆ ಹಾಡೋದೇ ಇಲ್ಲಿ ಪದ್ಧತಿ ಅಂತ ರುದ್ರಪ್ಪನವರಿಗೆ ಯಾರು ಹೇಳ್ಬೇಕು? ಅವರ ಮುಖ ಬಾಡಿಹೋಯ್ತು.

"ಏನ್ರೀ ಇದು, ಹುಡುಗಿಗೆ ಒಂದ್ ತಂಬೂರಿ ಸೈತ ಕೊಟ್ಟಿಲ್ಲಲ್ರೀ" ಅಂದ್ರು ಕಿವೀಲಿ. "ಮನ್ಯಾಗ ಮರತು ಬಂದಾರ ಕಾಣಸ್ತದ."

ನಾನು ಬಾಯಿ ತೆಗೆಯೋದ್ರೊಳಗೆ ಅವರು ಬಾಯಿ ಮುಚ್ಚಿ ಸ ಹಿಡಿದ್ರು. ಹಿಡಿದಿದ್ದು ಮೆತ್ತಗೇನೇ. ಆದರೂ ಸೀಟು ನಡುಗ್ತು. ಅರುಂಧತಿ ಅದಕ್ಕೆ ಪ ಸೇರಿಸಿದ್ಲು. ಉಳಿದವರು, ಓಹೋ ಇಲ್ಲಿ ಶ್ರುತಿ ಕೊಡೋದು ಕೇಳೋರ ಕೆಲಸ ಅಂದ್ಕೊಂಡು ಗುಂಯ್ ಅಂತ ಕೂಡ್ಕೊಂಡ್ರು. ಹಾಲ್‌ನವರು ಏಸಿ ಕೆಟ್ಟಿದೆ ಅಂತ ಏಣಿ ತಂದ್ರು. ಟೊರ್ರಿ ಪೈನ್ಸ್ ಕಡೆ ಸಮುದ್ರದಲ್ಲಿ ಒಂದು ತಿಮಿಂಗಿಲ ದಾರಿ ಬಿಟ್ಟು ದಡಕ್ಕೆ ಬಂದು ಕಿವಿ ಕೊಟ್ಟಿತಂತೆ. ನಾನು ನೋಡಿಲ್ಲ, ಅದಕ್ಕೇ ಅಂತೆ ಅಂತಿದೀನಿ.

ಗಗನಾ ನಮ್ಮ ಕಡೆ ನೋಡಿದ್ಲು. ಮುಖ ಅರಳ್ತು. ಹಾಡ್ತಾ ಹಾಡ್ತಾ ಒಂದು ಕೂದಲೆಳೆಯಷ್ಟೂ ಜಾರಲಿಲ್ಲ. ಕೊನೇಲಿ ಕಾಯರ್ ಬಂದು ಸೇರಿದ್ದು ಹೇಗಿತ್ತು ಅಂದ್ರೆ, ಡಬ್ಬಿಗೆ ಅದರದ್ದೇ ಮುಚ್ಚಳ ಕೂತ ಹಾಗೆ.

ಮುಗಿದ ಮೇಲೆ ಡೈರೆಕ್ಟ್ರಮ್ಮ ನೆಟ್ಟಗೆ ನಮ್ಮ ಸಾಲಿಗೆ ಬಂದ್ರು. ನಾನು ಅರುಂಧತಿ ಹಿಂದೆ ಸರಿದೆ. ರುದ್ರಪ್ಪನವರು ಎದ್ದು ಕೈ ಮುಗಿದು, ಮುಂದಿನ ಸಲ ಮರೀದೆ ತಂಬೂರಿ ತನ್ನಿ ಮೇಡಂ, ಬೇಕಿದ್ರೆ ನಮ್ಮನೇದು ಕೊಡ್ತೀವಿ ಅಂತ ಇಂಗ್ಲಿಷಲ್ಲಿ ಹೇಳಿದ್ರು. ಆಯಮ್ಮ ಅವರನ್ನೇ ನೋಡಿ ನೋಡಿ ನಕ್ಕುಬಿಟ್ರು. ಗಗನಾ ಜಾಗ ಗಗನಾಗೇ ಇರಲಿ, ಲಾಸ್ ಏಂಜಲೀಸಲ್ಲಿ ನಿಮಗೂ ಒಂದು ಸಾಲು ಹಿಡಿದಿಡ್ತೀನಿ ಅಂದ್ರು.

ಲಾಸ್ ಏಂಜಲೀಸ್ ಕಾರ್ಯಕ್ರಮದ ದಿನ ಟ್ರಾಫಿಕ್ಕಲ್ಲಿ ಫ್ರೀವೇ ನಿಂತೇಹೋಗಿತ್ತು. ನಮ್ಮ ಪಕ್ಕ ಒಂದು ಬಸವನಹುಳು ಓವರ್‌ಟೇಕ್ ಮಾಡ್ತು, ಇಂಡಿಕೇಟರ್ ಹಾಕಿ. ನಾವು ಹಾಲ್ ಬಾಗಿಲಿಗೆ ಓಡಿಬಂದಾಗ ಗಗನಾ ಆಗಲೇ ಒಂಟಿಯಾಗಿ ಹಾಡ್ತಿದ್ಲು. ನಮ್ಮ ಸಾಲು ಪೂರ್ತಿ ಖಾಲಿ. ಅವಳ ಕಣ್ಣು ಮಾತ್ರ ಆ ಖಾಲಿ ಸೀಟುಗಳ ಮೇಲೇ. ರುದ್ರಪ್ಪನವರು ಉಸಿರು ಎಳ್ಕೊಂಡ್ರು. ನಾನು ಅವರ ತೋಳು ಹಿಡಿದೆ. ಅವರು ಒಂದು ಕ್ಷಣ ಕಿವಿಗೊಟ್ಟು, ಎಳ್ಕೊಂಡ ಉಸಿರನ್ನ ಮೆಲ್ಲಗೆ ಬಿಟ್ರು.

"ಬ್ಯಾಡ ಬಿಡ್ರೀ. ಶ್ರುತಿ ಐತಿ ಆಕೀ ಹತ್ರ."

ನಲವತ್ತು ದನಿ ಬಂದು ಕೂತ್ವು. ಅದೇ ಡಬ್ಬಿ, ಅದೇ ಮುಚ್ಚಳ.

ಆಮೇಲೆ ಕೇಳಿದ್ರೆ, "ಮಾವ, ನೀವೆಲ್ಲ ಅಲ್ಲೇ ಕೂತಿದೀರ ಅಂದ್ಕೊಂಡೆ. ಕೇಳಿಸ್ತು" ಅಂದ್ಲು.

ರುದ್ರಪ್ಪನವರಿಗೆ ಮಾತ್ರ ಆ ಶ್ರುತಿ ಒಳಗೇ ಉಳಿದುಹೋಗಿತ್ತಲ್ಲ, ಮೀರಾ ಮೆಸಾ ಬರೋವರೆಗೂ ನಮ್ಮ ಕಾರಲ್ಲಿ ಸ ಹಿಡಿದ್ರು. ಮಾರನೇ ದಿನ ಇಂಜಿನ್ನಿಂದ ಸದ್ದು ಬರ್ತಿದೆ ಅಂತ ಮೆಕ್ಯಾನಿಕ್ಕಿಗೆ ತೋರಿಸ್ದೆ. ಏನೂ ಕೆಟ್ಟಿಲ್ಲವಂತೆ. ಈಗ್ಲೂ ಆಫ್ ಮಾಡಿದ ಮೇಲೆ ಒಂದು ಗಳಿಗೆ ಗುಂಯ್ ಅಂತಿರತ್ತೆ. ಗಗನಾ ಬಂದಾಗ ಗ್ಯಾರೇಜಲ್ಲಿ ಅದಕ್ಕೇ ಪ್ರಾಕ್ಟೀಸ್ ಮಾಡ್ತಾಳೆ.